ಭಾವನ ಕಾರಿನ ಕರೆಂಟ್ ಫ್ಯಾನು

ಎಪ್ಪತ್ತರ ದಶಕದ ಮಧ್ಯದಲ್ಲಿ ನಾನು ಹೊಸದುರ್ಗದಿಂದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ತುರ್ತು ವರದಿಯಿದ್ದರೆ ಹಿರಿಯೂರಿಗೆ ಹೋಗಿ, ಸಂಜೆ ಐದೂವರೆಯ ಬೆಂಗಳೂರು ಬಸ್ಸಿನ ಡ್ರೈವರ್ ಕೈಗೆ ಕವರು ಕೊಡಬೇಕಿತ್ತು. ಆ ತಿಂಗಳು ಎರಡು ಸಲ ಬಸ್ಸು ತಪ್ಪಿತ್ತು. ಮೂರನೆಯ ಸಲ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಸಂಪಾದಕರು ಕಾರ್ಡು ಬರೆದಿದ್ದರು.

ಆ ದಿನ ಒಂದು ಸರ್ಕಾರಿ ಕಟ್ಟಡದ ಶಂಕುಸ್ಥಾಪನೆ. ಕಲ್ಲು ಇಡಲು ಐದು ನಿಮಿಷ ಹಿಡಿಯಿತು. ಮುಖ್ಯ ಅತಿಥಿಗಳ ಭಾಷಣಕ್ಕೆ ಎರಡು ಗಂಟೆ. ಮುಗಿದಾಗ ಮೂರು ದಾಟಿತ್ತು. ಅಕ್ಕನ ಗಂಡನ ಕಾರೇ ಗತಿಯಾಯಿತು.

ಅದು ಮೂವರು ಯಜಮಾನರನ್ನು ದಣಿಸಿ ಭಾವನ ಮನೆ ಸೇರಿದ್ದ ಇಂಗ್ಲೆಂಡಿನ ಹಳೆಯ ಕಾರು. ಎಂಜಿನ್ನಿನ ಜೊತೆ ಬೆಲ್ಟಿನಲ್ಲಿ ತಿರುಗುತ್ತಿದ್ದ ಫ್ಯಾನಿನ ರೆಕ್ಕೆ ಮುರಿದಿತ್ತು, ಬದಲಿಗೆ ಇನ್ನೊಂದು ಸಿಗಲಿಲ್ಲ. ಚಿತ್ರದುರ್ಗದ ಮೆಕ್ಯಾನಿಕ್ ಸಾಹೇಬರು ಗುಜರಿಗೆ ಬಂದ ಯಾವುದೋ ಫಾರಿನ್ ಕಾರಿನ ಕರೆಂಟ್ ಫ್ಯಾನನ್ನು ರೇಡಿಯೇಟರಿನ ಹಿಂದೆ ಕೂರಿಸಿ, ಸ್ಟೇರಿಂಗ್ ಪಕ್ಕ ಒಂದು ಸ್ವಿಚ್ಚು ಹಾಕಿಕೊಟ್ಟಿದ್ದರು. ಇಡೀ ಜಿಲ್ಲೆಗೇ ಇದು ಮೊದಲನೆಯದು ಎಂದು ಭಾವ ಹೇಳುತ್ತಿದ್ದರು. ನಾನು ಪರಿಶೀಲಿಸಲಿಲ್ಲ.

ಹತ್ತು ಮೈಲಿಗೆ ರೇಡಿಯೇಟರ್ ಕುದಿಯಿತು. ನಿಂತು ನೀರು ಹಾಕಿದೆವು. ಮತ್ತೆ ಹೊರಟಾಗ ಭಾವ ಫ್ಯಾನಿನ ಸ್ವಿಚ್ಚು ಒತ್ತುವುದನ್ನು ಮರೆತರು. ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಸುಮ್ಮನಿತ್ತು. ನೆನಪಾಗಿ ಒತ್ತಿದರು, ಮುಳ್ಳು ಏರಿತು, ಮತ್ತೆ ಕುದಿಯಿತು.

"ಭಾವ, ಫ್ಯಾನ್ ಹಾಕಿದ್ರೆ ಮುಳ್ಳು ಏರ್ತೈತೆ, ಆರಿಸಿದ್ರೆ ಸುಮ್ನಿರ್ತೈತೆ" ಎಂದೆ.

"ಲೇ, ಬೀಸಣಿಗೆ ಬೀಸಿದ್ರೆ ಸೆಕೆ ಜಾಸ್ತಿ ಆಗ್ತೈತೇನಲೇ? ಪೇಪರ್‌ನಾಗೂ ಹಿಂಗೇ ಬರೀತೀಯೇನು?"

"ಕಂಡಿದ್ದು ಹೇಳ್ದೆ."

"ಕಂಡಿದ್ದು ನಿನ್ ಹತ್ರಾನೇ ಇಟ್ಕ. ನೀರಿನ ಡಬ್ಬ ಕೊಡು."

ಹಿರಿಯೂರಿಗೆ ಮೊದಲು ಸಿಗುವ ಬಬ್ಬೂರಿನ ಹತ್ತಿರ ಮೂರನೆಯ ಸಲ ನಿಂತಾಗ ಐದಕ್ಕೆ ಹತ್ತು ನಿಮಿಷ ಬಾಕಿ. ಡಬ್ಬ ಖಾಲಿ. ಪಕ್ಕದ ಹೊಲದ ಪಂಪ್‌ಸೆಟ್ಟು ನೋಡಿಕೊಳ್ಳುವವನು ಬಕೆಟ್ಟಿನಲ್ಲಿ ನೀರು ತಂದ. ತಂದವನು ಸುಮ್ಮನೆ ಹೋಗಲಿಲ್ಲ. ಕಾರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಫ್ಯಾನ್ ಹಾಕ್ರಿ ಸ್ವಾಮಿ. ಗಾಳಿ ಎತ್ಲಾಗೆ ಹೊಡೀತೈತೆ ನೋಡಾಣ."

"ತಿರುಗ್ತೈತಲ್ಲಪ್ಪ, ಇನ್ನೇನ್ ನೋಡ್ತೀಯ?" ಎಂದರು ಭಾವ, ಸ್ವಿಚ್ಚು ಒತ್ತುತ್ತ.

"ವೈರ್ ಅದಲುಬದಲು ಕೊಟ್ರೆ ನಮ್ ಪಂಪೂ ತಿರುಗ್ತೈತ್ರಿ. ನೀರ್ ಮಾತ್ರ ಬರಲ್ಲ. ಒಂದು ಕಾಗ್ದ ಕೊಡ್ರಿ."

ನಾನು ಕೊಡುವ ಮೊದಲೇ, ಇನ್ನೂ ಅಂಟಿಸದ ಕವರಿನಿಂದ ಇಣುಕುತ್ತಿದ್ದ ಹಾಳೆಯೊಂದನ್ನು ಎಳೆದುಕೊಂಡು ಕಾರಿನ ಮುಂಭಾಗದ ಜಾಲರಿಗೆ ಹಿಡಿದ. ಫ್ಯಾನು ಗಾಳಿಯನ್ನು ಒಳಗೆ ಎಳೆಯುತ್ತಿದ್ದರೆ ಹಾಳೆ ಅಲ್ಲೇ ಕಚ್ಚಿಕೊಳ್ಳಬೇಕಿತ್ತು. ಅವನು ಕೈ ಬಿಟ್ಟದ್ದೇ ತಡ, ಅದು ರಸ್ತೆ ದಾಟಿ ಕಬ್ಬಿನ ಗದ್ದೆಗೆ ಹಾರಿತು.

ಓಡುವ ಕಾರಿಗೆ ಮುಂದಿನಿಂದ ಬರುವ ಗಾಳಿಯನ್ನು ಫ್ಯಾನು ಹಿಂದಿನಿಂದ ತಳ್ಳಿ ತಡೆಯುತ್ತಿತ್ತು. ಮೆಕ್ಯಾನಿಕ್ ಸಾಹೇಬರು ವಾಡಿಕೆಯಂತೆ ಕಪ್ಪು ವೈರನ್ನು ಮೈನಸ್ಸೆಂದು ಕಾರಿನ ಬಾಡಿಯ ತಗಡಿಗೆ ಜೋಡಿಸಿದ್ದರು. ಆ ಹಳೆಯ ಕಾರಿನಲ್ಲಿ ಬಾಡಿಯೇ ಪ್ಲಸ್ಸು, ಹಾಗಾಗಿ ಫ್ಯಾನು ಉಲ್ಟಾ ತಿರುಗುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಪಂಪಿನವನು ಎರಡು ವೈರು ಕಿತ್ತು, ಅತ್ತಲದ್ದು ಇತ್ತ ಸುತ್ತಿ ಎದ್ದ.

ನಾನು ಗದ್ದೆಯ ಬದುವಿಗೆ ಇಳಿದಿದ್ದೆ. ಹಾರಿದ್ದು ಮುಖ್ಯ ಅತಿಥಿಗಳ ಇಡೀ ಭಾಷಣ.

"ಬಸ್ ಬೇಕೋ ಭಾಷಣ ಬೇಕೋ, ಬೇಗ ಹೇಳಲೇ!" ಭಾವ ಎಂಜಿನ್ ಚಾಲೂ ಮಾಡಿ ಕೂಗಿದರು.

ಹತ್ತಿ ಕುಳಿತೆ. ಮುಳ್ಳು ಹಿರಿಯೂರಿನವರೆಗೂ ಅಲುಗಲಿಲ್ಲ.

ನಿಲ್ದಾಣದಲ್ಲಿ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಕಿಟಕಿಗೆ ಕೈ ಎತ್ತಿ ಕವರು ಕೊಟ್ಟೆ. ಮರುದಿನ ವರದಿ ಬಂತು: ಕಲ್ಲು ಇಟ್ಟದ್ದು, ಇದ್ದವರ ಹೆಸರು, ಮುಖ್ಯ ಅತಿಥಿಗಳು "ಮಾತನಾಡಿದರು" ಎಂಬ ಒಂದೇ ಪದ. ವಾರದ ನಂತರ ಸಂಪಾದಕರ ಕಾರ್ಡು ಬಂತು: "ಸಮಯಕ್ಕೆ ತಲುಪಿದೆ. ಮುಂದುವರಿಸಿ. ಭಾಷಣಗಳಿಗೆ ಇಷ್ಟೇ ಜಾಗ ಸಾಕು."