ಅಜ್ಜನ ಹಾಡು ನಿಂತ ಮಧ್ಯಾಹ್ನ

ಮದುವೆಯಾಗಿ ಇಪ್ಪತ್ತೇ ದಿನ. ಸದಾಶಿವನಗರದ ನಮ್ಮ ಪುಟ್ಟ ಮನೆಯಲ್ಲಿ ಇವರು ಸ್ನಾನ ಮಾಡುತ್ತಾ, ನಾನು ಕಲಿಸಿದ ನನ್ನ ಆಲ್‌ಟೈಮ್ ಫೇವರಿಟ್ ಹಾಡು ಹಾಡುತ್ತಿದ್ದರು. ನಾನಂತೂ ಖುಷಿಯಲ್ಲಿ ತೇಲುತ್ತಿದ್ದೆ. ಎರಡನೇ ನುಡಿಯ ನಡುವೆ ಹಾಡು ನಿಂತಿತು.

ಅದು ಖಾನಾಪುರದ ಅಜ್ಜನ ಹಾಡು. ಎಮ್ಮೆಗೆ ಸೊಪ್ಪು ತರಲು ಕಾಡಿಗೆ ಹೋದಾಗಲೆಲ್ಲ ಅಜ್ಜ ಅದನ್ನು ಗಟ್ಟಿಯಾಗಿ ಹಾಡುತ್ತಿದ್ದ. ಮನುಷ್ಯರ ದನಿ ಕೇಳಿದರೆ ಕರಡಿ ದೂರ ಸರಿಯುತ್ತದೆ.

"ನಿಮ್ಮಜ್ಜನ ದನಿಗೆ ಕರಡಿ ಅಷ್ಟ ಅಲ್ಲ, ಎಮ್ಮೀನೂ ಓಡಿ ಹೋಗ್ತೈತಿ," ಎಂದು ಅಜ್ಜಿ ಹಿತ್ತಲಲ್ಲಿ ರೊಟ್ಟಿ ಬಡಿಯುತ್ತಾ ನಗುತ್ತಿದ್ದಳು. ಕಿವಿ ಮಾತ್ರ ಕಾಡಿನ ಕಡೆಗೇ ಇರುತ್ತಿತ್ತು.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಹಾಡು ಎರಡನೇ ನುಡಿಯ ಇದೇ ಜಾಗದಲ್ಲಿ ನಿಂತಿತು. ಅಜ್ಜಿಯ ಕೈಯೂ ನಿಂತಿತು.

"ಅಜ್ಜ ಹಾಡು ಮರ್ತಾನೇನಬೇ?" ಎಂದು ಕೇಳಿದೆ.

"ಸುಮ್ನಿರವ್ವಾ."

ಎಂದೂ ಹಾಡದ ಅಜ್ಜಿ ಹಿಟ್ಟಿನ ಕೈಯಲ್ಲೇ ಎದ್ದು, ಉಳಿದ ಸಾಲನ್ನು ಕೂಗಿ ಹಾಡುತ್ತಾ ಕಾಡಿನೊಳಗೆ ನಡೆದಳು. ಬಹಳ ಹೊತ್ತಿನ ಮೇಲೆ ಅಜ್ಜನನ್ನು ಕೈಹಿಡಿದು ಕರೆತಂದಳು. ಕರಡಿ ಎದುರಿಗೇ ನಿಂತಿತ್ತಂತೆ, ಅವನಿಗೆ ದನಿಯೇ ಹೊರಡಲಿಲ್ಲವಂತೆ. ಆಮೇಲೆ ಅಜ್ಜ ಎಂದೂ ಹಾಡಲಿಲ್ಲ.

ಈಗ ಬಚ್ಚಲ ಬಾಗಿಲಲ್ಲಿ ನಿಂತು ಉಳಿದ ಸಾಲನ್ನು ನಾನೇ ಜೋರಾಗಿ ಹಾಡಿದೆ. ಒಳಗೆ ನೀರಿನ ಸದ್ದು ಮಾತ್ರ. ಮತ್ತೊಮ್ಮೆ ಹಾಡಿದೆ.

"ಕಣ್ಣಾಗ ಸಾಬೂನು ಹೋಗೈತಿ, ತಡಿ," ಅಂದರು.

ಅವರು ಹಾಡು ಮುಗಿಸುವವರೆಗೂ ನಾನು ಆ ಬಾಗಿಲು ಬಿಟ್ಟು ಕದಲಲಿಲ್ಲ.