ಕೊಂಬು ತೊಟ್ಟ ಕೆಂಚಿ

ಕಡಲಾಚೆಯ ಹೇವರ್ಡ್ ಊರಿನ ಗುಡ್ಡದ ಮೇಲಿನ ಕುದುರೆ ಲಾಯದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಐಶ್ವರ್ಯಾ ಎಂದರೆ ಜೀನಿನ ಕೆಳಗೆ ತೂಗುವ ರಿಕಾಪಿಗೆ ಕಾಲಿಡದೆ ಸವಾರಿ ಮಾಡುವವಳು. ವಾರವಿಡೀ ಪಕ್ಕದೂರು ನೆವಾರ್ಕಿನಲ್ಲಿ ಜನರ ಸೊಂಟ, ಮೊಣಕಾಲು ಸರಿಮಾಡುವ ಫಿಸಿಯೋಥೆರಪಿಯ ಕೆಲಸ. ಭಾನುವಾರ ಬಂತೆಂದರೆ ಬೆನ್ನಿಗೆ ಬತ್ತಳಿಕೆ, ಕೆಳಗೆ ಕೆಂಚಿ ಎಂಬ ಕಂದು ಹೆಣ್ಗುದುರೆ.

ಈ ಹುಚ್ಚು ಹತ್ತಿದ್ದು ಧಾರವಾಡದಲ್ಲಿ. ಯುಗಾದಿಯ ದಿನ ಪಂಚಾಂಗ ಓದುವಾಗ 'ಶಾಲಿವಾಹನ ಶಕೆ' ಎಂಬ ಮಾತು ಕಿವಿಗೆ ಬಿದ್ದು, ಪುಟ್ಟ ಐಶ್ವರ್ಯಾ ಅಪ್ಪನ ಧೋತರ ಜಗ್ಗಿದ್ದಳು. "ಅಪ್ಪಾ, ಶಕರು ಅಂದ್ರ ಯಾರು?"

ಪೊಲೀಸ್ ಅಶ್ವದಳದಲ್ಲಿ ಸವಾರನಾಗಿದ್ದ ದೇವೇಂದ್ರಪ್ಪನಿಗೆ ಗೊತ್ತಿದ್ದದ್ದು ಇಷ್ಟೇ. "ಕುದರಿ ಮ್ಯಾಲ ಹುಟ್ಟಿ ಕುದರಿ ಮ್ಯಾಲ ಸಾಯೋ ಮಂದಿ, ನಮ್ಮವ್ವ."

ಉಳಿದದ್ದನ್ನು ಅವಳೇ ಓದಿಕೊಂಡಳು. ಮೊನೆಟೋಪಿಯ ಆ ಅಲೆಮಾರಿಗಳು ಓಡುವ ಕುದುರೆಯ ಮೇಲೆ ಹಿಂದಕ್ಕೆ ತಿರುಗಿ ಬಾಣ ಬಿಡುತ್ತಿದ್ದರು. ಹೆಂಗಸರೂ ಬಿಲ್ಲು ಹಿಡಿಯುತ್ತಿದ್ದರು. ದೊರೆ ಸತ್ತರೆ ಅವನ ಕುದುರೆಗಳ ಹಣೆಗೆ ಚೂಪು ಕೊಡಲಿಯಿಂದ ಹೊಡೆದು ಕೊಂದು, ಉಣ್ಣೆಯ ಮುಖವಾಡ, ಕೊಂಬು ತೊಡಿಸಿ ಅವನ ಜೊತೆಗೇ ಹೂಳುತ್ತಿದ್ದರು.

ಒಂದು ವರ್ಷ ಅಲ್ಲಿನ ಕನ್ನಡ ಕೂಟದ ಮಕ್ಕಳಿಗೆ ತೋರಿಸಲೆಂದು ಕೆಂಚಿಗೆ ಅಂಥದ್ದೇ ಕೊಂಬಿನ ಮುಖವಾಡ ಮಾಡಿದಳು. ಮಗಳ ಮನೆಗೆ ಬಂದಿದ್ದ ದೇವೇಂದ್ರಪ್ಪನೇ ಅದಕ್ಕೆ ಲಾಡಿ ಹೊಲಿದ.

"ಮದಲಗಿತ್ತಿ ಹಂಗ ಕಾಣ್ತಾಳ. ಬಾಸಿಂಗ ಒಂದು ಕಡಿಮಿ," ಎಂದು ಪ್ರದರ್ಶನದ ದಿನ ಅದನ್ನು ತೊಟ್ಟು ನಿಂತ ಕೆಂಚಿಯನ್ನು ನೋಡಿ ನಕ್ಕ.

ಲಾಯದ ಒಡತಿ ಲೂಪೆ ಮಾತ್ರ ನಗಲಿಲ್ಲ. "ಅದರೊಳಗೆ ಇವಳಿಗೆ ಪಕ್ಕ ಕಾಣುತ್ತಾ?"

"ನಿನ್ನೆ ಹಾಕಿ ನಡೆಸಿದ್ದೆ. ಸುಮ್ಮನಿದ್ದಳು," ಎಂದಳು ಐಶ್ವರ್ಯಾ.

ಗೋರಿಯಲ್ಲಿ ಸಿಕ್ಕ ಮುಖವಾಡದ ಚಿತ್ರ ನೋಡಿ, ಅದರಂತೆಯೇ ಕಣ್ಣಿನ ತೂತು ಕೊಯ್ದಿದ್ದಳು. ಸತ್ತ ಕುದುರೆಗೆ ಪಕ್ಕ ನೋಡುವ ಕೆಲಸವಿರುವುದಿಲ್ಲ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಓಡುವ ಕೆಂಚಿಯ ಮೇಲಿಂದ ಬಿಟ್ಟ ಮೊದಲ ಬಾಣ ಗುರಿಗೆ ನೆಟ್ಟಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಅವಳು ಹಿಂದಕ್ಕೆ ತಿರುಗಿದ್ದೇ ತಡ, ಕೊಂಬಿನ ಭಾರಕ್ಕೆ ಮುಖವಾಡ ಜಾರಿ ಕೆಂಚಿಯ ಎರಡೂ ಕಣ್ಣು ಮುಚ್ಚಿತು. ಕುರುಡಾದ ಕುದುರೆ ನೇರ ಬೇಲಿಗೆ ನುಗ್ಗಿತು. ಮುಳ್ಳುತಂತಿ ಅದರ ಎದೆಯನ್ನು ಅಡ್ಡಡ್ಡ ಸೀಳಿತು. ಮುಂಗಾಲು ಲಟ್ಟನೆ ಮುರಿದು ಮೂಳೆ ಚರ್ಮ ಹರಿದು ಹೊರಬಂತು. ಹಾರಿ ಬಿದ್ದ ಐಶ್ವರ್ಯಾಳ ಎಡಗೈಗೆ ತಂತಿಯ ಮುಳ್ಳು ಹೊಕ್ಕಿತು. ಕೆಂಚಿ ಏಳಲು ಒದ್ದಾಡಿದಷ್ಟೂ ತಂತಿ ಬಿಗಿಯಿತು, ರಕ್ತ ಚಿಮ್ಮಿತು. ಅದರ ಕಿರುಚು ಕೇಳಲಾಗದೆ ತಾಯಂದಿರು ಮಕ್ಕಳ ಕಿವಿ ಮುಚ್ಚಿ ಕಾರುಗಳ ಕಡೆ ಓಡಿದರು.

ಕುದುರೆಗಳ ಡಾಕ್ಟರು ದೂರದ ಟ್ರೇಸಿ ಊರಿನಿಂದ ಬರಬೇಕಿತ್ತು. ಫ್ರೀವೇ ಜಾಮಾಗಿತ್ತು. ಲೂಪೆ ಒಳಗಿನಿಂದ ರೈಫಲ್ ತಂದಳು. "ಅಲ್ಲಿಯತನಕ ಇವಳನ್ನು ಹೀಗೆ ಬಿಡೋಕಾಗಲ್ಲ. ನೀನು ಕಾರಿಗೆ ಹೋಗು, ನಾನು ಮುಗಿಸ್ತೀನಿ."

"ಇಲ್ಲ. ನಾನೇ ಮುಗಿಸ್ತೀನಿ," ಎಂದಳು ಐಶ್ವರ್ಯಾ.

"ನಾ ಹೊಡೀತೀನಿ ಬಿಡವಾ," ಎಂದ ದೇವೇಂದ್ರಪ್ಪ. "ದಳದಾಗಿದ್ದಾಗ ಒಮ್ಮಿ ಹೊಡೀಬೇಕಾಗಿತ್ತು. ಆ ಕುದರಿ ಇನ್ನೂ ಕನಸಿನ್ಯಾಗ ಬರತೈತಿ. ನಿನಗ ಬ್ಯಾಡ."

"ಆ ಮುಖವಾಡದ ಮಾರಿ ಕಟ್ಟಿದಾಕಿ ನಾನಪ್ಪಾ. ಬಂದ್ರ ನನ್ನ ಕನಸಿನ್ಯಾಗ ಬರಲಿ."

ಅಪ್ಪ ಮೊಣಕಾಲೂರಿ ಕುದುರೆಯ ಕುತ್ತಿಗೆ ಅಮುಕಿ ಹಿಡಿದ. ಐಶ್ವರ್ಯಾ ಮುಖವಾಡ ಬಿಚ್ಚಿದಳು. ಬೆಳಕು ಕಂಡ ಕೆಂಚಿ ಒಮ್ಮೆಲೇ ಸುಮ್ಮನಾಗಿ ಅವಳನ್ನೇ ನೋಡಿತು. ಒಂದೊಂದು ಕಣ್ಣಿನಿಂದ ಆಚೆ ಬದಿಯ ಕಿವಿಗೆ ಮನಸ್ಸಿನಲ್ಲೇ ಗೆರೆ ಎಳೆ, ಅವು ಕೂಡುವಲ್ಲಿ ಹೊಡಿ ಎಂದು ಲೂಪೆ ರೈಫಲ್ ಕೈಗಿತ್ತಳು. ಆ ಜಾಗ ಐಶ್ವರ್ಯಾಳಿಗೆ ಗೊತ್ತಿತ್ತು. ಗೋರಿಯ ಕುದುರೆಗಳ ತಲೆಬುರುಡೆಯಲ್ಲಿ ತೂತು ಇದ್ದದ್ದು ಸುಮಾರು ಅಲ್ಲೇ. ನಳಿಗೆ ಹಿಡಿದ ಎಡಗೈಯಿಂದ ರಕ್ತ ಸೋರುತ್ತಿತ್ತು. ಟ್ರಿಗರ್ ಎಳೆದಳು. ಗುಡ್ಡ ಗುಡುಗಿತು. ಕೆಂಚಿಯ ಕಾಲುಗಳು ಒಮ್ಮೆ ಸೆಟೆದು ಸಡಿಲವಾದವು.

ಸತ್ತ ಪ್ರಾಣಿ ಒಯ್ಯುವ ಲಾರಿ ಸಂಜೆಗೆ ಬಂತು. ಲಾರಿಯವರು ಸರಪಳಿ ಬಿಗಿಯುವ ಮೊದಲು ದೇವೇಂದ್ರಪ್ಪ ಮುಖವಾಡವನ್ನು ಎತ್ತಿ, ಮಣ್ಣು ಕೊಡವಿ ಮಗಳ ಕೈಗಿತ್ತ.

"ಹಾಕವಾ. ಬರೇ ಮಾರೀಲೆ ಹೋಗೋದು ಬ್ಯಾಡ."

ಅವಳು ತೊಡಿಸಿದಳು, ಅವನು ಲಾಡಿ ಕಟ್ಟಿದ. ಸರಪಳಿ ಜಗ್ಗಿತು. ಈ ಸಲ ಮುಖವಾಡ ಜಾರಲಿಲ್ಲ.