ಕುರುಡು ಎಣಿಕೆ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದದ್ದೆಲ್ಲ ಒಂದೇ ಪ್ರಶ್ನೆಯಿಂದ: ಪುರಾವೆ ಎಲ್ಲಿ? ಹೋದ ವರ್ಷ ಆ ಪ್ರಶ್ನೆಯನ್ನು ಅಕ್ಕ ನನಗೇ ಕೇಳಿದಳು.

ಸೊಂಟನೋವಿಗೆ ಎಕ್ಸ್-ರೇ ತೆಗೆಸಿಕೊಂಡಿದ್ದಳು. ಬಸುರಿ ಅಂತ ತಿಳಿದದ್ದು ಆಮೇಲೆ. ಡೋಸು ತೀರಾ ಕಡಿಮೆ, ಹೆದರಬೇಡಿ ಅಂತ ಡಾಕ್ಟರು ಹೇಳಿದ್ದರು. ಅವಳ ಅತ್ತೆ ಒಪ್ಪಲಿಲ್ಲ. "ತೆಗಿಸಿಬಿಡು, ಮತ್ತ ಆಗತೈತಿ" ಅಂತ ಸೋಮವಾರಕ್ಕೆ ಬೇರೆ ದವಾಖಾನೆ ಗೊತ್ತುಮಾಡಿದ್ದರು.

"ನೀ ಈ ವಿಕಿರಣದ್ದ ಓದಾಕತ್ತೀಯಲ್ಲ," ಅಂದಳು ಅಕ್ಕ ಫೋನಿನಲ್ಲಿ. "ಕೂಸಿಗೆ ಏನರ ಆಗಿರತೈತೇನು? ಹೌದೋ ಅಲ್ಲೋ, ಅಷ್ಟ ಹೇಳ."

"ನಾ ನೋಡೂದು ಕೋಶ. ಕೂಸಲ್ಲ."

"ಅಟ್ಟದ ತುಂಬ ಡಿಬೇಟಿನ ಕಪ್ ಇಟ್ಟೀದಿ. ಒಂದು ಮಾತು ಹೇಳಾಕ ಬರೂದಿಲ್ಲೇನು?"

ನನಗೇನೂ ಅನ್ನಿಸಲಿಲ್ಲ. ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ಪನವೇಲ್ ಲೋಕಲ್ ರೈಲು ಹಿಡಿದು, ಲ್ಯಾಬಿರುವ ಖಾರಘರದಲ್ಲಿ ಇಳಿದೆ. ದಿನಾ ಮಾಡುವ ಹಾಗೆ.

ಲ್ಯಾಬಿನಲ್ಲಿ ನಾವು ಹಾಮ್‌ಸ್ಟರ್ ಅನ್ನುವ ಇಲಿಜಾತಿಯ ಪ್ರಾಣಿಯ ಕೋಶಗಳಿಗೆ ಸ್ವಲ್ಪವೇ ವಿಕಿರಣ ಕೊಟ್ಟು, ಒಂದು ವಾರ ಬೆಳೆಸಿ, ಆಮೇಲೆ ವಿಷ ಹಾಕುತ್ತೇವೆ. ಸರಿಯಿದ್ದ ಕೋಶಗಳು ಸಾಯುತ್ತವೆ. ಒಂದು ಜೀನು ಕೆಟ್ಟವು ಮಾತ್ರ ಬದುಕಿ, ತಟ್ಟೆಯಲ್ಲಿ ಗುಂಪುಗುಂಪಾಗಿ ಬೆಳೆಯುತ್ತವೆ. ನೀಲಿ ಬಣ್ಣ ಹಾಕಿ ಎಣಿಸಬೇಕು. ಐವತ್ತು ಕೋಶ ಇದ್ದರೆ ಅದು ಕಾಲನಿ, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ವಿಕಿರಣವೇ ಸೋಕದ ತಟ್ಟೆಯಲ್ಲೂ ಒಂದೆರಡು ಇದ್ದೇ ಇರುತ್ತವೆ. ವಿಕಿರಣದ ತಟ್ಟೆಯಲ್ಲಿ ಅದಕ್ಕಿಂತ ಒಂದೆರಡು ಹೆಚ್ಚಿವೆಯೋ ಇಲ್ಲವೋ, ಜಗಳವೆಲ್ಲ ಅದರದ್ದೇ. ಅದಕ್ಕೇ ಎಣಿಸುವವರಿಗೆ ಯಾವ ತಟ್ಟೆ ಯಾವುದು ಅಂತ ತಿಳಿಯಬಾರದು. ಸಹೋದ್ಯೋಗಿಯೊಬ್ಬಳು ಪ್ರತಿ ತಟ್ಟೆಯ ಗುರುತಿನ ಮೇಲೆ ಬರೀ ನಂಬರಿನ ಚೀಟಿ ಅಂಟಿಸುತ್ತಾಳೆ. ಕುರುಡು ಎಣಿಕೆ ಅನ್ನುತ್ತೇವೆ.

ಆ ಶುಕ್ರವಾರ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಚೀಟಿಯಡಿಯ ಮಾರ್ಕರ್ ಅಕ್ಷರ ಕಂಡಿತು. ವಿಕಿರಣ ಕೊಟ್ಟ ತಟ್ಟೆ. ಕೆಳಗಿಡಬೇಕಿತ್ತು. ಮುಂದಿನದನ್ನೂ ಬೆಳಕಿಗೆ ಹಿಡಿದೆ. ಅದರ ಮುಂದಿನದನ್ನೂ.

ಒಂದು ಗುಂಪನ್ನು ಮೂವತ್ತರ ತನಕ ಎಣಿಸಿ, ಚಿಕ್ಕದು ಅಂತ ಬಿಟ್ಟೆ. ಇನ್ನೊಂದನ್ನು ಎಣಿಸಲೇ ಇಲ್ಲ. ಊಟ ಮುಗಿಸಿ ಬಂದು, ಯಾಕೋ, ಮೂವತ್ತಕ್ಕೆ ಬಿಟ್ಟದ್ದನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟೆ. ಐವತ್ತಮೂರು.

ಬಿಟ್ಟವೆಲ್ಲ ವಿಕಿರಣದ ತಟ್ಟೆಗಳಲ್ಲೇ ಇದ್ದವು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಎರಡು ನಿಮಿಷದಲ್ಲಿ ವಾದದಲ್ಲೇ ಅವರನ್ನು ಮುಗಿಸಿಬಿಡುತ್ತಿದ್ದೆ.

ಗೈಡ್ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ.

"ಹೊಸ ಚೀಟಿ ಹಾಕಿಸ್ತೀನಿ. ಮುಂದಿನ ವಾರ ಬೇರೆಯವರು ಎಣಿಸ್ತಾರೆ. ನೀನು ಈ ಬ್ಯಾಚನ್ನ ಮುಟ್ಟಬೇಡ."

ಮುಂದಿನ ವಾರ ಅಂದರೆ ಸೋಮವಾರ ದಾಟಿ. ಆ ಅಂಕಿ ಬಂದಿದ್ದರೂ ಅಕ್ಕನಿಗೆ ಅದರಿಂದ ಏನೂ ಹೇಳಲಾಗುತ್ತಿರಲಿಲ್ಲ, ಅದು ಬೇರೆ ಮಾತು.

ಶನಿವಾರ ಘಣಸೋಲಿಯಲ್ಲಿ ಇಳಿದು ಅವಳ ಮನೆಗೆ ಹೋದೆ. ಅತ್ತೆ ಹೊರಗೆ ಹೋಗಿದ್ದರು. ಅಕ್ಕ ಜೋಳದ ಹಿಟ್ಟು ನಾದುತ್ತಿದ್ದಳು.

"ಡಾಕ್ಟರ್ ಹೇಳಿದ್ದ ಖರೆ ಅನಸ್ತೈತಿ," ಅಂದೆ. "ಆದರ ನನ್ನ ಮಾತು ನಂಬಬ್ಯಾಡ. ನಾ ಎಣಿಕ್ಯಾಗ ಮೋಸ ಮಾಡೇನಿ." ಚೀಟಿ, ಬೆಳಕು, ಐವತ್ತಮೂರು, ಎಲ್ಲ ಹೇಳಿದೆ.

ಅವಳ ಕೈ ನಿಂತಿತು. "ಕೆಟ್ಟದ್ದು ಕಡಿಮಿ ಕಾಣಲಿ ಅಂತ ಬಿಟ್ಟೇನು?"

"ಹೂಂ."

"ನೀನು? ದೇವರಿಗೂ ಪುರಾವೆ ಕೇಳಾಕಿ?"

"ಹೂಂ."

"ಅಂದ್ರ ಈ ಕೂಸು ನಿನಗೂ ಬೇಕಾಗೇತಿ."

ಅದು ಪುರಾವೆಯಲ್ಲ ಅನ್ನಬೇಕಿತ್ತು. ಮತ್ತೆ ಹೂಂ ಅಂದೆ.

"ನಮ್ಮವರಾಗ ಒಬ್ಬರಾದ್ರೂ ಬೇಕು ಅನ್ಲಿ ಅಂತ ಕಾಯಾಕತ್ತಿದ್ದೆ," ಅನ್ನುತ್ತ ಅಕ್ಕ ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿ, ಸೋಮವಾರದ ದವಾಖಾನೆಗೆ ಬರುವುದಿಲ್ಲ ಅಂತ ಮರಾಠಿಯಲ್ಲಿ ಹೇಳಿದಳು. ನಾನು ಗೋಡೆಗೆ ಒರಗಿ, ಅವಳು ರೊಟ್ಟಿ ತಟ್ಟುವುದನ್ನು ನೋಡುತ್ತ ಕೂತೆ. ಎಷ್ಟು ತಟ್ಟಿದಳು ಅಂತ ಎಣಿಸಲಿಲ್ಲ.